ಬದುಕಿದ್ದವಳಿಗೆ ಇಟ್ಟ ಎಡೆ

ಐಮಂಗಲ, ಹಿರಿಯೂರು ತಾಲ್ಲೂಕು
25-9-2025, ಗುರುವಾರ

ಪ್ರೀತಿಯ ಲತತ್ತೆಗೆ,

ನಿನ್ನ ಅಣ್ಣ ಮಂಜಣ್ಣನ ಮಗ ಜುಂಜೇಶ ಮಾಡುವ ನಮಸ್ಕಾರಗಳು. ನಿನ್ನ ಮಂಡಿನೋವು ಹೇಗಿದೆ? ಹೊಲಿಗೆ ಮಿಷನ್ನಿಗೆ ಮೋಟರು ಹಾಕಿಸಿಕೋ ಎಂದು ಹೋದ ಸಲ ಹೊಸದುರ್ಗಕ್ಕೆ ಬಂದಾಗ ಬೀದಿಯವರೆಲ್ಲ ತಿರುಗಿ ನೋಡುವಂತೆ ಕೂಗಿ ಹೇಳಿದ್ದೆ. ನೀನು ಇನ್ನೂ ಕಾಲಲ್ಲೇ ತುಳಿಯುತ್ತಿರುತ್ತೀಯ. ದುರ್ಗೇಶ್ ಮಾವನಿಗೆ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂತೇ, ಅಥವಾ ಕದ್ದು ಮೈಸೂರುಪಾಕು ತಿನ್ನುವುದು ಹಾಗೇ ನಡೆದಿದೆಯೇ? ನಿನ್ನ ಮಗಳು ಪ್ರೀತಿಯ ನರ್ಸಿಂಗ್ ಪರೀಕ್ಷೆ ಮುಗಿಯಿತೇ? ಇಲ್ಲಿ ಎಲ್ಲರೂ ಕ್ಷೇಮ. ಆ ಮಾತು ಬರೆಯಲು ಹೇಸಿಗೆಯಾಗುತ್ತದೆ, ಆದರೂ ಕಾಗದವೆಂದ ಮೇಲೆ ಬರೆಯಬೇಕಲ್ಲ. ಫೋನು ಮಾಡಬಹುದಿತ್ತು. ಆದರೆ ಮೈಕಿಲ್ಲದೆ ಮೂರು ಹಳ್ಳಿಗೆ ನಾಟಕ ಕೇಳಿಸಿದ ಗಂಟಲು ಇದು, ಬಾಗಿಲು ಹಾಕಿಕೊಂಡು ಪಿಸುಗುಟ್ಟಿದರೂ ಅಜ್ಜಿ ಹಿತ್ತಲಿನಿಂದ "ಏನ್ಲೇ ಅದು?" ಅನ್ನುತ್ತಾಳೆ.

ಈಗ ಪರದೆ ಏಳಲಿ ಅತ್ತೆ. ಎದೆ ಗಟ್ಟಿ ಮಾಡಿಕೋ. ಮೊನ್ನೆ ಭಾನುವಾರ ಮಹಾಲಯ ಅಮಾವಾಸ್ಯೆ, ನಮ್ಮ ಮನೆಯಲ್ಲಿ ಹಿರಿಯರ ಹಬ್ಬ. ನಡುಮನೆಯಲ್ಲಿ ಕಂಬಳಿ ಹಾಸಿ, ಸತ್ತವರ ಹೆಸರಿಗೆ ಒಂದೊಂದು ಎಲೆ. ಮುತ್ತಾತನಿಗೆ ಮುದ್ದೆ, ಬಾಡು, ಒಂದು ಕಟ್ಟು ಬೀಡಿ. ಮುತ್ತಜ್ಜಿಗೆ ಎಲೆ ಅಡಿಕೆ. ಕೊನೆಯ ಎಲೆ ನಿನಗೆ. ಹೌದು, ನಿನಗೆ! ಮನೆಯವರು ನಿನ್ನನ್ನು ಸತ್ತವಳಂತೆ ಎಣಿಸಿದ್ದಾರೆ ಎಂಬುದಷ್ಟೇ ನಿನಗೆ ಗೊತ್ತು. ಎಡೆಯ ಸಂಗತಿಯನ್ನು ನಾನು ಹೇಳಿರಲಿಲ್ಲ, ಹೇಳಲು ಬಾಯಿ ಬರಲಿಲ್ಲ. ನೀನು ಜಾತಿ ದಾಟಿ ದುರ್ಗೇಶ್ ಮಾವನ ಕೈ ಹಿಡಿದು ಹೋದಾಗಿನಿಂದ ಇಪ್ಪತ್ತಾರು ವರ್ಷ, ಒಂದು ವರ್ಷವೂ ತಪ್ಪದೆ, ನಿನ್ನ ಹತ್ತನೇ ಕ್ಲಾಸಿನ ಫೋಟೋಗೆ ಹಾರ ಹಾಕಿ, ನಿನಗೆ ಇಷ್ಟವೆಂದು ಕರಿಗಡುಬು ಇಟ್ಟು, ಪಕ್ಕದಲ್ಲೊಂದು ಹೊಸ ಸೀರೆ ಮಡಿಸಿ ಧೂಪ ಹಾಕುತ್ತಾರೆ. ಮಾರನೆಯ ದಿನ ಆ ಸೀರೆಯನ್ನು ನಮ್ಮಮ್ಮ ಉಡುತ್ತಾಳೆ. ಆ ಕಡುಬನ್ನು ನಾನು ತಿಂದಿದ್ದೇನೆ. ಒಂಬತ್ತು ವರ್ಷದ ಹುಡುಗನಿದ್ದಾಗ ಎರಡನೇ ಸಲ ಕೇಳಿ ಹಾಕಿಸಿಕೊಂಡಿದ್ದೇನೆ.

ಇಡೀ ಊರಿಗೆ ನೀನು ಬದುಕಿರುವುದು ಗೊತ್ತು. ಪಕ್ಕದ ಮನೆಯ ಓಬಮ್ಮ ಎಡೆಯ ಹೊತ್ತಿಗೆ ಸರಿಯಾಗಿ ಬಂದು, ಹೊಸಲಿನ ಮೇಲೆ ಕುಂತು, ಅಜ್ಜಿಗೆ ಕೇಳುವಂತೆಯೇ ಅಂದಳು: "ಏನ್ ಕೆಂಚಕ್ಕ, ಹೋದ ವಾರ ಹೊಸದುರ್ಗದಾಗೆ ನಿನ್ ಸತ್ತ ಮಗಳು ನಂಗೆ ಜಾಕೀಟು ಹೊಲ್ದು ಕೊಟ್ಲು ನೋಡು. ಕೂಲಿನೂ ಇಸ್ಕಳ್ಲಿಲ್ಲ. ದೆವ್ವ ಆದ್ರೂ ಕೈಕೆಲಸ ಭಾಳ ನೀಟೈತೆ!" ಅಜ್ಜಿ ಕಣ್ಣೂ ಮಿಟುಕಿಸದೆ ಊದಿನಕಡ್ಡಿ ಹಚ್ಚಿದಳು.

ಇಷ್ಟೇ ಆಗಿದ್ದರೆ ಇನ್ನೊಂದು ವರ್ಷ ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೋ. ಮಂಗಳವಾರ ಎರಡನೇ ಅಂಕ ಶುರುವಾಯಿತು. ಮುದ್ದಣ್ಣ ತಾತನಿಗೆ ಎಂಬತ್ತಾರು. ಕಣ್ಣು ಮುಚ್ಚುವ ಮುಂಚೆ ಹೊಲವನ್ನು ಅಪ್ಪನಿಗೂ ಪ್ರಭು ಚಿಕ್ಕಪ್ಪನಿಗೂ ಭಾಗ ಮಾಡಬೇಕೆಂದು ವಂಶವೃಕ್ಷಕ್ಕೆ ಅರ್ಜಿ ಹಾಕಿದ್ದರು. ವಿಚಾರಣೆಗೆಂದು ಊರಿನ ಲೆಕ್ಕಾಧಿಕಾರಿ ಬಂದು ಜಗುಲಿಯ ಮೇಲೆ ಕುಂತು, ಪೆನ್ನು ತೆಗೆದು, "ಯಜಮಾನ್ರೇ, ಮಕ್ಕಳೆಷ್ಟು ಜನ?" ಅಂದರು. ತಾತ "ಮೂ..." ಎಂದು ಬಾಯಿ ತೆರೆದ. ಒಳಗಿನಿಂದ ಅಜ್ಜಿಯ ಕೆಮ್ಮು ಕೇಳಿತು. ತಾತನ ಬಾಯಿ ಮುಚ್ಚಿತು. ಅಜ್ಜಿಯೇ ಸೆರಗು ಹೊದ್ದು ಹೊರಗೆ ಬಂದಳು. "ಇಬ್ರು ಗಂಡುಮಕ್ಳು ಸಾಮಿ. ಹೆಣ್ಣೊಂದಿತ್ತು, ತೀರ್ಕಂಡೈತೆ." ಲೆಕ್ಕಾಧಿಕಾರಿ ಮರಣಪತ್ರ ಕೇಳಿದರು. ಆಗ ಅವಳು ಹೇಳಿದ ಮಾತು, ಅತ್ತೆ, ಯಾವ ನಾಟಕದ ಯಾವ ಖಳನ ಬಾಯಲ್ಲೂ ನಾನು ಕೇಳಿಲ್ಲ. "ಆಗಿನ್ ಕಾಲ್ದಾಗೆ ಅದನ್ನೆಲ್ಲ ಯಾರ್ ಮಾಡಿಸ್ತಿದ್ರು? ಬರ್ರಿ ಒಳಗೆ, ನೋಡ್ರಿ, ಹಾರ ಇನ್ನೂ ಬಾಡಿಲ್ಲ. ಇಪ್ಪತ್ತಾರು ವರ್ಷದಿಂದ ಎಡೆ ಇಡ್ತಾ ಇದೀವಿ. ಸಾಯದೇ ಇದ್ದೋರಿಗೆ ಯಾರಾದ್ರೂ ಎಡೆ ಇಡ್ತಾರಾ ಸಾಮಿ?" ಪಾಪ, ಆ ಮನುಷ್ಯ ಈ ಕಡೆಗೆ ಹೊಸಬ. ಫೋಟೋ ನೋಡಿ ಕೈ ಮುಗಿದ! ನಿನ್ನ ಹೆಸರಿನ ಮುಂದೆ 'ಮೃತ' ಎಂದು ಬರೆದು, ಊರಿನ ಇಬ್ಬರು ಸಾಕ್ಷಿ ಸಹಿ ಹಾಕಬೇಕೆಂದರು. ತಿಪ್ಪೇರುದ್ರಪ್ಪ ಹಾಕಿದ. ಇನ್ನೊಂದು ಸಹಿಯೂ ಬಿತ್ತು. ಸೋಮವಾರದೊಳಗೆ ಯಾರದೂ ತಕರಾರು ಬರದಿದ್ದರೆ ಕಾಗದವನ್ನು ಮೇಲಕ್ಕೆ ಕಳಿಸುತ್ತಾರೆ. ಆಮೇಲೆ ಸರ್ಕಾರದ ಲೆಕ್ಕದಲ್ಲೂ ಈ ಮನೆಗೆ ಮಗಳಿಲ್ಲ.

ಅವತ್ತು ಸಂಜೆ ತಾತನನ್ನು ಕುರಿರೊಪ್ಪದ ಹತ್ತಿರ ಹಿಡಿದೆ. "ಮುದ್ದಣ್ಣನ ರಾಜಾಪಾರ್ಟು ಅಂದ್ರೆ ಹಿರಿಯೂರಿನಿಂದ ಗಾಡಿ ಕಟ್ಕಂಡು ಬರೋರಂತೆ, ಇವತ್ತು ಒಂದು ಕೆಮ್ಮಿಗೆ ಕಿರೀಟ ಬಿತ್ತಲ್ಲ ತಾತ!" ಎಂದು ಆರ್ಭಟಿಸಿದೆ. ಕುರಿಗಳು ಬೆದರಿ ಮೂಲೆ ಸೇರಿದವು. ಆಮೇಲೆ ತಾತ ಹೇಳಿದ್ದನ್ನು ನೀನು ತಿಳಿಯಲೇಬೇಕು. ನೀನು ಹೋದ ದಿನ ಆತ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿಗೆ ಹೊರಟಿದ್ದನಂತೆ. "ಹುಡುಗ ಒಳ್ಳೆವ್ನು, ನಮ್ ತಬಲಾದವ್ನೇ, ಕರ್ಕಂಡ್ ಬಂದು ಅಕ್ಕಿಕಾಳು ಹಾಕಾಣ ಅಂತಿದ್ದೆ ಕಣಪ್ಪ" ಅಂದ. ಅಷ್ಟರಲ್ಲಿ ಅಜ್ಜಿ ಅಂಗಳದಲ್ಲಿ ನಿಂತು, ಸಾವಿನ ಮನೆಯವರಂತೆ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಮಡಕೆ ಒಡೆದು ಬೊಬ್ಬೆ ಹೊಡೆದಳಂತೆ. ಜನ ಸೇರಿದರು. ಸೇರಿದ ಜನರ ಮುಂದೆ ತಾತ ಅಂಗಿ ಬಿಚ್ಚಿ ತಾನೂ ನೀರು ಸುರಿದುಕೊಂಡ. "ಎಲ್ಲಾರೂ ನನ್ನನ್ನೇ ನೋಡ್ತಾ ಇದ್ರು" ಅಂದ. ಥೂ! ಜನ ನೋಡುತ್ತಿದ್ದಾರೆಂದು ಬದುಕಿರುವ ಮಗಳ ಸಾವಿನ ಸ್ನಾನ ಮಾಡಿದ ಅಪ್ಪ!

ನೀನು ಯಾವಾಗಲೂ ಹೇಳುತ್ತೀಯ, "ಅವ್ವ ಒಳ್ಳೇಳು ಕಣೋ, ಅಪ್ಪನಿಗೆ ಹೆದರ್ತಾಳೆ ಅಷ್ಟೆ" ಎಂದು. ನಾನೂ ಹಾಗೇ ನಂಬಿ ಬೆಳೆದೆ; ಗುಡುಗುವವನೇ ಕೆಟ್ಟವನು ಎಂದುಕೊಂಡೆ. ಸೈಡ್‌ವಿಂಗಿನಲ್ಲಿ ನಿಂತು ಮಾತು ಹೇಳಿಕೊಡುತ್ತಿದ್ದವಳ ಕಡೆ ಯಾರೂ ನೋಡಲಿಲ್ಲ. ಪ್ರತಿ ದೀಪಾವಳಿಗೂ ನೀನು ಅವಳಿಗೆಂದು ಹೊಲಿದು ನನ್ನ ಕೈಗೆ ಕೊಟ್ಟ ರವಿಕೆಗಳನ್ನು ಅವಳು ತೊಟ್ಟಳು, ಎದೆಗೊತ್ತಿಕೊಂಡು ಅತ್ತಳು ಎಂದು ನಾನು ನಿನಗೆ ಹೇಳುತ್ತಿದ್ದುದು ಶುದ್ಧ ನಾಟಕ. "ಸತ್ತೋರು ಹೊಲ್ದಿದ್ದನ್ನ ಮೈಗೆ ಹಾಕ್ಕಂತಾರೇನ್ಲೇ?" ಎಂದು ಶೇಂಗಾ ಹೊಲದ ಬೆರ್ಚಪ್ಪನಿಗೆ ತೊಡಿಸಿದಳು. ನಮ್ಮ ಹೊಲದಲ್ಲಿ ಹಂದಿ ಓಡಿಸುವ ಗೊಂಬೆಗೆ ನಿನ್ನ ಕೈಯ ಕಸೂತಿ ಇದೆ. ಒಬ್ಬನಿಗೆ ಬೆನ್ನೆಲುಬಿಲ್ಲ, ಒಬ್ಬಳಿಗೆ ಕರುಳಿಲ್ಲ. ಇವರಿಬ್ಬರ ಕಾಲಿಗೆ ಹಬ್ಬ ಹಬ್ಬಕ್ಕೆ ಬಿದ್ದು ಆಶೀರ್ವಾದ ಬೇಡಿದ ನಮ್ಮ ಹಣೆಗಳನ್ನು ಬೂದಿ ಹಾಕಿ ತಿಕ್ಕಿದರೂ ಕೊಳೆ ಹೋಗದು.

ಇನ್ನೇನು ಬರೆಯಲಿ. ಸಿಟ್ಟಿನಲ್ಲಿ ಅಕ್ಷರ ಓರೆಯಾಗಿವೆ, ಕ್ಷಮಿಸು. ದುರ್ಗೇಶ್ ಮಾವನಿಗೆ ನನ್ನ ಶರಣು, ಪ್ರೀತಿಗೆ ನನ್ನ ಆಶೀರ್ವಾದ. ಮಂಡಿಗೆ ಬಿಸಿ ಉಪ್ಪಿನ ಗಂಟಿನ ಶಾಖ ಕೊಡು. ನೂರು ವರ್ಷ ಬಾಳು ಅತ್ತೆ. ಹರಕೆಯಲ್ಲ ಇದು, ಹಟ.

ಇಂತಿ ನಿನ್ನ
ಜುಂಜೇಶ

ತಾಜಾ ಕಲಂ: ಹೊಸದುರ್ಗದ ಬಸ್ಸು ಬಂದು ನಿಂತಿದೆ, ಇದನ್ನು ಕಂಡಕ್ಟರ್ ನಾಗರಾಜಪ್ಪನ ಕೈಗೆ ಕೊಡಬೇಕು, ಬೇಗ ಬರೆಯುತ್ತೇನೆ. ಆ ಎರಡನೇ ಸಹಿ ನನ್ನದು. ಯಾರೂ ಹೆದರಿಸಲಿಲ್ಲ, ಹೊಲದ ಆಸೆಯೂ ಆಗ ನೆನಪಾಗಲಿಲ್ಲ. "ಲೇ ಜುಂಜ, ನೀನೊಂದು ಹಾಕು" ಅಂದರು, ಹಾಕಿದೆ. ಲೆಕ್ಕಾಧಿಕಾರಿಯ ಬೈಕು ತಿರುವು ದಾಟಿದ ಮೇಲೆ ಏನು ಮಾಡಿದೆನೆಂದು ಹೊಳೆಯಿತು. ಬುಧವಾರ ಅವರ ಹತ್ತಿರ ಹೋಗಿ ನನ್ನ ಸಹಿ ಸುಳ್ಳು, ಅತ್ತೆ ಬದುಕಿದ್ದಾಳೆ ಎಂದೆ. "ನಿಮ್ಮ ಬಾಯಿಮಾತು ನಡೆಯಲ್ಲ, ಬರೆದು ಕೊಡ್ರಿ, ಆಯಮ್ಮನೂ ಬಂದು ಎದುರಿಗೆ ನಿಂತ್ಕಳ್ಲಿ" ಅಂದರು. ನಾನು ಬರೆದ ಹಾಳೆ ಇದರ ಜೊತೆಗಿದೆ, ಇಟ್ಟುಕೊಂಡಿರು. ನನ್ನ ಮೇಲೆ ಕೇಸಾದರೆ ಆಗಲಿ. ಸೋಮವಾರ ಹತ್ತು ಗಂಟೆಗೆ ಆಧಾರ್ ಕಾರ್ಡು ಹಿಡಿದು ಹಿರಿಯೂರಿಗೆ ಬಾ. ತಾಲ್ಲೂಕು ಕಚೇರಿಯ ಮೆಟ್ಟಿಲ ಹತ್ತಿರ ಇರುತ್ತೇನೆ. ನನ್ನನ್ನು ಕಂಡೊಡನೆ ಉಗಿಯಬೇಕೆನ್ನಿಸುತ್ತದೆ. ಮೊದಲು ಒಳಗೆ ಹೋಗಿ ನಿನ್ನ ಹೆಸರು ಹೇಳು. ಹೊರಗೆ ಬಂದು ಉಗಿ.