ಕೈಗೆ ಎಟುಕದ ಗಾಯ

ಕಪ್ಪತಗುಡ್ಡ, ಎರಡನೆಯ ಫಾಲ್ಗುಣದ ಮೂವತ್ತೇಳನೆಯ ದಿನ, ೨೩೧೬

ಈ ಗುಡ್ಡದ ದಾರಿಯಲ್ಲಿ ಇಂದು ನಡೆಯುತ್ತಿರುವ ನಿಮಗೆ ಹುಲಿಗೆವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಬಿಸಿಲಿಗೆ ತಕ್ಕಂತೆ ನಾವು ತಿಂಗಳುಗಳನ್ನು ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಕಾಗದ ಹಿಂದಕ್ಕೆ ಹೇಗೆ ಬರುತ್ತದೆಂದು ಮಾತ್ರ ಕೇಳಬೇಡಿ. ಅದು ನನಗೂ ತಿಳಿಯದು.

ನಿಮ್ಮ ಮಾತ್ರೆ, ಇಂಜೆಕ್ಷನ್‌ಗಳು ನಮ್ಮ ಅಜ್ಜಿಯರ ಕಾಲದಲ್ಲೇ ಕೈಕೊಟ್ಟವು. ಸಣ್ಣ ಗಾಯವೂ ಕೀವಾಗಿ, ಮುಟ್ಟಿದವರಿಗೂ ತಗುಲಿ, ಊರಿಗೆ ಊರೇ ಖಾಲಿಯಾಯಿತು. ಅಂದಿನಿಂದ ಯಾರೂ ಯಾರನ್ನೂ ಮುಟ್ಟುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಮನೆ. ಅದನ್ನು ‘ಒಬ್ಬರಮನೆ’ ಎನ್ನುತ್ತೇವೆ. ಮಗು ನಡೆಯಲು ಕಲಿತ ಮೇಲೆ ತಾಯಿಯೂ ಕೈ ಬಿಡುತ್ತಾಳೆ. ನನ್ನವ್ವನ ಕೈ ಹೇಗಿತ್ತೆಂದು ನನಗೆ ನೆನಪಿಲ್ಲ.

ಸೊಪ್ಪು ಪರೀಕ್ಷಿಸುವುದು ನನ್ನ ಕೆಲಸ. ನಿಮ್ಮ ಅಜ್ಜಿಯರು ಗಾಯಕ್ಕೆ ಹಚ್ಚುತ್ತಿದ್ದ ಸೊಪ್ಪು, ಬೇರು, ತೊಗಟೆಗಳಲ್ಲಿ ನಿಜವಾಗಿ ಗುಣ ಮಾಡುವುದು ಯಾವುದು, ಬರೀ ನಂಬಿಕೆ ಯಾವುದು ಎಂದು ನೋಡಬೇಕು. ಎಡ ಮುಂಗೈ ಮೇಲೆ ಎರಡು ಗೀರು ಹಾಕಿಕೊಳ್ಳುತ್ತೇನೆ. ಒಂದಕ್ಕೆ ಸೊಪ್ಪಿನ ರಸ, ಇನ್ನೊಂದಕ್ಕೆ ಬರೀ ಒದ್ದೆ ಬಟ್ಟೆ. ಆ ಎರಡನೆಯದು ‘ಸಾಕ್ಷಿಗಾಯ’. ಸೊಪ್ಪು ಇಲ್ಲದಿದ್ದರೆ ಏನಾಗುತ್ತಿತ್ತೆಂದು ಹೇಳುವುದು ಅದೇ. ಎಷ್ಟೋ ಸೊಪ್ಪುಗಳು ಸೋತವು. ಬೇಲಿಯಂಚಿನಲ್ಲಿ ಬೆಳೆಯುವ, ನೀವು ಬಹುಶಃ ತುಳಿದುಕೊಂಡೇ ಓಡಾಡುವ ಗಾಯದ ಸೊಪ್ಪು ಗೆದ್ದಿತು. ಎದುರು ಗುಡ್ಡದ ಒಬ್ಬರಮನೆಯಲ್ಲಿ ಈರಭದ್ರನೆಂಬವನು ತನ್ನ ಮುಂಗೈ ಮೇಲೆ ಇದೇ ಪರೀಕ್ಷೆ ಮಾಡುತ್ತಾನೆ. ನಮ್ಮಿಬ್ಬರ ನಡುವೆ ಹಗ್ಗದ ಮೇಲೆ ಒಂದು ಬುಟ್ಟಿ ಓಡುತ್ತದೆ, ಮಾತಿಗೆ ಒಂದು ಕೊಳವೆಯಿದೆ. ಅವನ ಗೀರೂ ಮಾಯಿತೆಂದು ತಿಳಿದ ದಿನ ಇಬ್ಬರೂ ಕೊಳವೆಯಲ್ಲಿ ಹುಚ್ಚರ ಹಾಗೆ ನಕ್ಕೆವು. ಅವನ ಮುಖವನ್ನು ನಾನು ಈವರೆಗೆ ನೋಡಿಲ್ಲ.

ಮೊನ್ನೆ ಛಾವಣಿಯ ಗಾಜು ಒಡೆದು ಬಿದ್ದು ನನ್ನ ಬೆನ್ನು ಸೀಳಿತು, ನಟ್ಟನಡುವೆ. ಮೇಲಿನಿಂದ ಕೈ ಹಾಕಿದರೂ ಎಟುಕದು, ಕೆಳಗಿನಿಂದ ಹಾಕಿದರೂ ಎಟುಕದು. ನಮ್ಮ ಪರೀಕ್ಷೆಯ ದಡ್ಡತನ ಆಗ ಹೊಳೆಯಿತು. ಇಷ್ಟು ವರ್ಷ ನಾವೆಲ್ಲ ಎಡ ಮುಂಗೈಯನ್ನೇ ಗೀರಿಕೊಂಡಿದ್ದೆವು, ಬಲಗೈಗೆ ಸಿಗುತ್ತದೆಂದು. ಅಜ್ಜಿಯರ ಮದ್ದಿನಲ್ಲಿ ಸೊಪ್ಪಿನ ಜೊತೆ ಇನ್ನೊಬ್ಬರ ಕೈಯೂ ಇತ್ತೆಂಬುದು ಯಾರಿಗೂ ತೋಚಲಿಲ್ಲ.

“ಗ್ವಾಡಿಗೆ ತಪ್ಪಲ ಮೆತ್ತಿ ಬೆನ್ನ ತಿಕ್ಕೋಬೇ,” ಎಂದ ಈರಭದ್ರ. ಸೊಪ್ಪು ಅರೆದು ಗೋಡೆಗೆ ಬಳಿದು ಎಮ್ಮೆಯ ಹಾಗೆ ತಿಕ್ಕಿದೆ. ಗಾಯ ಇನ್ನಷ್ಟು ಕಿತ್ತುಹೋಯಿತು. ಕೋಲಿಗೆ ಬಟ್ಟೆ ಸುತ್ತಿ ನೋಡಿದೆ, ಆಗಲಿಲ್ಲ. ಇಂದು ಬೆಳಿಗ್ಗೆಯಿಂದ ಜ್ವರ. ಹೀಗೇ ಬಿಟ್ಟರೆ ನಾನು ಉಳಿಯುವುದಿಲ್ಲ, ಮದ್ದು ಮುಂದೆಯೇ ಇದ್ದರೂ. ನನ್ನ ಬೆನ್ನೇ ಈಗ ಸಾಕ್ಷಿಗಾಯ. ಬುಟ್ಟಿಯಲ್ಲಿ ರೊಟ್ಟಿ ಬರುತ್ತದೆ, ಸೊಪ್ಪು ಬರುತ್ತದೆ, ಕೈ ಬರುವುದಿಲ್ಲ. ಸಾಯಲು ನನಗೆ ಅಷ್ಟೇನೂ ಭಯವಿಲ್ಲ. ಯಾರ ಕೈಯೂ ತಾಗದೆ ಸಾಯುತ್ತೇನಲ್ಲ ಎಂದು ಭಯವಾಗುತ್ತದೆ.

ಕೊನೆಗೆ ಕೊಳವೆಗೆ ಬಾಯಿಟ್ಟು ಕೇಳಿಯೇ ಬಿಟ್ಟೆ. “ಈರಭದ್ರಾ, ಒಂದೀಟ ಬಂದು ಹಚ್ಚಿ ಹೋಗ್ತಿಯೇನಪಾ?”

“ನಾ ಯಾರ ಬೆನ್ನೂ ಮುಟ್ಟಿಲ್ಲ ಹುಲಿಗೆವ್ವಾ. ಎಷ್ಟ ಒತ್ತಬೇಕು, ಎಷ್ಟ ಹಗೂರಕ ಹಚ್ಚಬೇಕು, ನನಗೇನ ಗೊತ್ತು?”

ನನಗೂ ಗೊತ್ತಿರಲಿಲ್ಲ. ಅವನು ಕೊಳವೆಯ ಬಾಯಿ ಮುಚ್ಚಿದ ಸದ್ದು ಕೇಳಿತು.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಬೆನ್ನು ತಿರುಗಿಸಿ ಸ್ವಲ್ಪ ಹಚ್ಚು ಎಂದರೆ, ಆಮೇಲೆ ಎನ್ನಬೇಡಿ. ಹಚ್ಚಿ. ಪಕ್ಕದಲ್ಲಿ ಮಗುವಿದ್ದರೆ ಅದರ ಕೈ ಹಿಡಿದು ಹಚ್ಚಿಸಿ. ಸೊಪ್ಪಿನ ಹೆಸರು ಹೇಗೋ ನಮ್ಮವರೆಗೆ ಬಂದಿದೆ. ಎಷ್ಟು ಒತ್ತಬೇಕೆಂಬ ಹದ ಬಂದಿಲ್ಲ. ಅದನ್ನು ಕಾಗದದಲ್ಲಿ ಬರೆದು ಕಳಿಸಲಾಗದು, ಕೈಯಿಂದ ಕೈಗೇ ಬರಬೇಕು.

ಈಗಷ್ಟೇ ಕಿಟಕಿಯಿಂದ ನೋಡಿದೆ. ಎದುರು ಗುಡ್ಡದ ಬಾಗಿಲು ತೆರೆದಿದೆ. ಅವನು ಇಳಿದು ಬರುತ್ತಿದ್ದಾನೋ, ಗಾಳಿಗೆ ತೆರೆದುಕೊಂಡಿತೋ ಇಲ್ಲಿಂದ ಕಾಣದು. ನೀವು ನಡೆಯುವ ಆ ಕಾಲುದಾರಿ ಮುಳ್ಳು ಬೆಳೆದು ಮುಚ್ಚಿಹೋಗಿದೆ. ಸೊಪ್ಪು ಅರೆದಿಟ್ಟು, ಒಣಗದಂತೆ ಒದ್ದೆ ಬಟ್ಟೆ ಮುಚ್ಚಿದ್ದೇನೆ. ನಿಮಗೆ ಒಳ್ಳೆಯದಾಗಲಿ. ಇನ್ನು ಚಿಲಕ ತೆಗೆದು, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತೇನೆ.