ಜೀಪಿನ ಹಿಂದೆ ಎರಚಿದ ನೀರು

ಅರ್ದಬೀಲ್
ಆಜರ್ ತಿಂಗಳ ಕೊನೆಯ ಶುಕ್ರವಾರ

ನನ್ನ ಮುದ್ದು ತರ್ಲಾನ್,

ನೀನು ಬೂಶೆಹ್ರ್‌ನ ಕಡಲ ದಂಡೆಯಲ್ಲಿ ಇನ್ನೂ ಕಿಟಕಿ ತೆರೆದುಕೊಂಡು ಮಲಗುತ್ತೀಯಂತೆ. ಪುಣ್ಯವಂತೆ. ಇಲ್ಲಿ ಅಂಗಳದ ನಲ್ಲಿ ಹೆಪ್ಪುಗಟ್ಟಿದೆ, ನಾನು ಒಲೆಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಪಕ್ಕಕ್ಕೇ ಬಂದು ಕೂತು ನನ್ನ ಪ್ರತಿ ಮಾತನ್ನೂ ತಿದ್ದುತ್ತಾರೆ. ಆಮೇಲೆ ಅದು ಅವರ ಕಥೆಯಾಗಿಬಿಡುತ್ತದೆ. ಇದು ನನ್ನ ಕಥೆ.

ನಿನ್ನ ತಂಗಿಯನ್ನು ನೋಡಲು ಟೆಹ್ರಾನಿನಿಂದ ಬಂದಿದ್ದರು. ಹುಡುಗ ಕಾಮ್ಯಾರ್, ತಬ್ರೀಜಿನಲ್ಲಿ ಅವಳ ಜೊತೆ ಓದಿದವನು. ಸೊಲ್ಮಾಜ್ ಎರಡು ವರ್ಷದಿಂದ ಅವನ ಹೆಸರು ಹೇಳದೆ ಅವನ ಬಗ್ಗೆಯೇ ಮಾತಾಡುತ್ತಿದ್ದಳಲ್ಲ, ಅವನೇ. ಅವನಿಗೆ ತಂದೆ ಇಲ್ಲ. ತಾಯಿ ಫರಂಗೀಸ್ ಖಾನಂ ಹ್ಞೂಂ ಅಂದರೆ ಮದುವೆ, ಇಲ್ಲವೆಂದರೆ ಇಲ್ಲ. ಅಮ್ಮ ಮಗ ಇಬ್ಬರೇ ಒಂದು ದೊಡ್ಡ ಕಪ್ಪು ಜೀಪಿನಲ್ಲಿ ಬಂದಿಳಿದರು. ಒಳಗೆ ಚರ್ಮದ ಸೀಟು, ಸೀಟಿಗೇ ಬಿಸಿ ಬರುವ ವ್ಯವಸ್ಥೆ. ನಮ್ಮ ಮನೆಯಲ್ಲೇ ಅಂಥ ಬೆಚ್ಚನೆಯ ಕುರ್ಚಿ ಇಲ್ಲ.

ಆಕೆಗೆ ನಾವು ಹಿಡಿಸಲಿಲ್ಲ, ತರ್ಲಾನ್. ಬಾಗಿಲಲ್ಲೇ ಗೊತ್ತಾಯಿತು. ನುಣುಪಾದ ಟೆಹ್ರಾನಿನ ಫಾರಸಿಯಲ್ಲಿ ನಾಲ್ಕು ಮಾತು, ತುಪ್ಪಳದ ಕೋಟು ತೆಗೆಯಲೇ ಇಲ್ಲ. ಕಣ್ಣು ಮಾತ್ರ ನಿನ್ನ ಅಪ್ಪನ ಉಗುರುಗಳ ಮೇಲೆ. ಪಾಪ, ಅವರು ಹಿಂದಿನ ದಿನವೆಲ್ಲ ಉಜ್ಜಿ ತೊಳೆದಿದ್ದರು, ಗ್ಯಾರೇಜಿನ ಗ್ರೀಸು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೊನೆಗೆ ಕೈಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಕೂತರು. ಸೊಲ್ಮಾಜ್ ತಂದ ಚಹಾ ಅರ್ಧ ಉಳಿಯಿತು. ಮತ್ತೆ ಹಿಮ ಬೀಳುವ ಮೊದಲೇ ಹೊರಡಬೇಕು, ಆಮೇಲೆ ಫೋನ್ ಮಾಡುತ್ತೇವೆ ಅಂದರು. ಆ ಫೋನು ಎಂಥದ್ದೆಂದು ಹೆಣ್ಣು ಹೆತ್ತವರಿಗೆ ಗೊತ್ತಿಲ್ಲವೇ? ನಿನ್ನ ತಂಗಿ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯತೊಡಗಿದಳು.

ಅಂಗಳದಲ್ಲಿ ನಿನ್ನ ಅಪ್ಪ ಜೀಪಿನ ಸುತ್ತ ಒಂದು ಸುತ್ತು ಹಾಕಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಇವು ಬೇಸಿಗೆಯವು, ಚಳಿಗೆ ಕಲ್ಲಾಗಿವೆ, ಹೋಗಬೇಡಿ ಅಂದರು. ಕಾಮ್ಯಾರ್ ನಕ್ಕು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿದೆ, ಹಿಮಕ್ಕೆಂದೇ ಬೇರೆ ಬಟನ್ನಿದೆ ಎಂದು ತೋರಿಸಿದ.

"ಬಟನ್ ಮೇಲೆ ಹಿಮದ ಚಿತ್ರ ಇದೆ ಕಣಪ್ಪ, ಆದ್ರೆ ಅದು ಹಿಮಕ್ಕೆ ಕಾಣ್ಸಲ್ವಲ್ಲ," ಅಂದರು ನಿನ್ನ ಅಪ್ಪ. "ನಾಲ್ಕು ಚಕ್ರ ಹೊರಡೋದಕ್ಕೆ. ನಿಲ್ಲೋದಕ್ಕೆ ಟೈರೇ ಬೇಕು."

ಅವರು ಕೇಳಲಿಲ್ಲ. ಜೀಪು ಹೊರಟಿತು. ನಾನು ಪದ್ಧತಿಯಂತೆ, ಹೋದವರು ಸುಖವಾಗಿ ಮರಳಿ ಬರಲೆಂದು ಹಿಂದೆ ನೀರು ಎರಚಿದೆ. ನಮ್ಮ ಓಣಿಯ ಏರು ನಿನಗೆ ಗೊತ್ತು. ಅಂಥ ಚಳಿಯಲ್ಲಿ ನೀರು ನೆಲಕ್ಕೆ ಬೀಳುವುದೊಂದೇ ತಡ, ಗಾಜಾಗುತ್ತದೆ. ಏರಿನಲ್ಲಿ ಹುಡುಗ ಯಾಕೋ ಒಮ್ಮೆಲೇ ಜೋರಾಗಿ ಆಕ್ಸಿಲರೇಟರ್ ಒತ್ತಿದ. ಚಕ್ರಗಳು ಇದ್ದಲ್ಲೇ ಗಿರ್ರನೆ ತಿರುಗಿದವು. ಜೀಪು ಹಿಂದಕ್ಕೆ ಜಾರಿತು, ನನ್ನ ನೀರಿನ ಮೇಲೆ ಬಂತು, ಅಲ್ಲಿಂದ ಸರ್ರನೆ ಇಳಿದು ನಮ್ಮ ಗೋಡೆಯ ಪಕ್ಕದ ಹಿಮದ ರಾಶಿಯಲ್ಲಿ ಕುಂಡಿ ಊರಿ ಕೂತಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮಲ್ಲಿ ಹೋದವರು ಇಷ್ಟು ಬೇಗ ಮರಳಿ ಬಂದದ್ದು ಇದೇ ಮೊದಲು.

ಆ ಅಳತೆಯ ಚಳಿಗಾಲದ ಟೈರು ತಬ್ರೀಜಿನಿಂದ ಬರಬೇಕು. ಅಲ್ಲಿಯವರೆಗೆ ಅತಿಥಿಗಳು ನಮ್ಮಲ್ಲೇ ಉಳಿಯಬೇಕಾಯಿತು. ಮರುದಿನ ಬೆಳಿಗ್ಗೆ ನಿನ್ನ ಅಪ್ಪ ಗ್ಯಾರೇಜಿನಿಂದ ಚಕ್ರಕ್ಕೆ ಕಟ್ಟುವ ಸರಪಳಿ ತಂದು ಕಾಮ್ಯಾರ್‌ನ ಕೈಗೆ ಕೊಟ್ಟು, ಗ್ಯಾರೇಜಿನವರೆಗಾದರೂ ಏರಿಸೋಣ ಎಂದು ಸಲಿಕೆ ಹುಡುಕಲು ಹೋದರು. ಹುಡುಗ ಸರಪಳಿಯನ್ನು ಗೋಜಲು ಮಾಡಿಕೊಂಡ. ಸೊಲ್ಮಾಜ್ ಹೇಳಿಕೊಡಲು ಹೋದವಳು ಅವನ ಮುಖ ನೋಡಿ ನಗುತ್ತ ನಿಂತುಬಿಟ್ಟಳು. ಕಿಟಕಿಯಿಂದ ನೋಡುತ್ತಿದ್ದ ಫರಂಗೀಸ್ ಖಾನಂ ಎರಡು ಸಲ ನಿಟ್ಟುಸಿರು ಬಿಟ್ಟು, ಲೋಟ ಕೆಳಗಿಟ್ಟು, ನನ್ನ ಹಳೆಯ ಚಪ್ಪಲಿ ಮೆಟ್ಟಿಕೊಂಡೇ ಹೊರಗೆ ನಡೆದರು. ಹೋಗಿ ಆ ತುಪ್ಪಳದ ಕೋಟಿನಲ್ಲೇ ಹಿಮದ ಮೇಲೆ ಮೊಣಕಾಲೂರಿದರು.

"ಹುಚ್ಚಪ್ಪ, ಕೊಂಡಿ ಬಾಯಿ ಹೊರಗಡೆ ಇರ್ಬೇಕು. ಒಳಗಡೆ ಇಟ್ರೆ ಟೈರನ್ನೇ ಕೊರೆದುಹಾಕತ್ತೆ. ನಿಮ್ಮಜ್ಜ ನೋಡಿದ್ರೆ ಕೆಪ್ಪಾಳಕ್ಕೆ ಬಾರಿಸ್ತಿದ್ರು."

ಬೈದದ್ದು ಫಾರಸಿಯಲ್ಲಲ್ಲ, ನಮ್ಮ ಮನೆಮಾತು ತುರ್ಕಿಯಲ್ಲಿ. ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತೆವು, ಅವರ ಮಗನೂ. ಆಕೆಯ ತಂದೆ ನಮ್ಮ ಹೈರಾನ್ ಘಾಟಿಯ ಮೇಲೆ ಲಾರಿ ಓಡಿಸುತ್ತಿದ್ದವರಂತೆ. ಮದುವೆಯಾಗಿ ಟೆಹ್ರಾನಿಗೆ ಹೋದ ಮೇಲೆ ಗಂಡನ ಮನೆಯವರು ಆಡಿಕೊಳ್ಳುತ್ತಾರೆಂದು ಲಾರಿಯ ಮಾತನ್ನೂ ಎತ್ತಲಿಲ್ಲ, ಈ ಭಾಷೆಯನ್ನೂ ಆಡಲಿಲ್ಲವಂತೆ. ಸಲಿಕೆ ಹಿಡಿದು ಬಂದ ನಿನ್ನ ಅಪ್ಪ ಆಕೆಯ ಕಪ್ಪು ಮೆತ್ತಿದ ಬೆರಳುಗಳನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿಕೊಂಡರು, ಮತ್ತೆ ಆ ದಿನವೆಲ್ಲ ಕೈ ಬಚ್ಚಿಡಲಿಲ್ಲ.

ಅಲ್ಲಿಂದ ಮುಂದೆ ಗ್ಯಾರೇಜಿನಲ್ಲಿ ಇವರಿಬ್ಬರದೇ ಕಾರುಬಾರು. ರೇಡಿಯೇಟರಿನ ನೀರು ಖಾಲಿ ಮಾಡಿ ಹೆಪ್ಪುಗಟ್ಟದ ದ್ರವ ತುಂಬಿಸಿದರು. ಬ್ಯಾಟರಿ ಹಳತೆಂದು ನಿನ್ನ ಅಪ್ಪ, ಇನ್ನೊಂದು ಚಳಿಗಾಲಕ್ಕೆ ಸಾಕೆಂದು ಆಕೆ. ಅಪ್ಪನೇ ಸೋತರು. ಬಾಗಿಲುಗಳು ಅಂಟಿಕೊಳ್ಳಬಾರದೆಂದು ರಬ್ಬರಿಗೆ ಗ್ಲಿಸರಿನ್ ಸವರುವ ಕೆಲಸ ಹುಡುಗ ಹುಡುಗಿಗೆ ಬಂತು. ನಾಲ್ಕು ಬಾಗಿಲು ಸವರಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು, ನಾನು ಏನೂ ಕೇಳಲಿಲ್ಲ. ಊಟಕ್ಕೆ ನನ್ನ ಬಿಸಿ ಮಜ್ಜಿಗೆಯ ಸಾರನ್ನು ಫರಂಗೀಸ್ ಎರಡು ಬಟ್ಟಲು ಕುಡಿದರು. ಟೈರು ಹಾಕಿ ಮುಗಿದ ದಿನ ಕೈ ಒರೆಸಿಕೊಳ್ಳುತ್ತ, ನಿಮ್ಮ ಹುಡುಗಿಯನ್ನು ನಮಗೆ ಕೊಡಿ ಅಂದರು. ಸೊಲ್ಮಾಜ್ ಒಳಗೆ ಓಡಿದಳು. ನಾನು ನಮ್ಮೂರಿನ ಕಪ್ಪು ಹಲ್ವಾ ಹಂಚಿದೆ. ನಿನ್ನ ಅಪ್ಪ ಅತ್ತರು, ಹೊಗೆ ಅಂದರು.

ನವ್ರೋಜ್ ಹಬ್ಬ ಕಳೆದು ಮದುವೆ. ಅಳಿಯಂದಿರಿಗೆ ಹೇಳು, ರಜೆ ಇಲ್ಲ ಗಿಜೆ ಇಲ್ಲ ಅನ್ನುವ ಮಾತು ಬೇಡ. ಮನಸ್ಸು ತುಂಬಿದೆ ಮಗಳೇ. ಇವಳೂ ಹೊರಟಳಲ್ಲ ಅಂತ ಒಂದು ಚೂರು ಸಂಕಟ, ಅಷ್ಟೇ.

ನಿನ್ನ ಕೆನ್ನೆಗೆ ಮುತ್ತಿಡುವ ಅಮ್ಮ,
ಗುಲಂದಾಮ್

ಮರೆತಿದ್ದೆ: ಇದನ್ನು ಅಪ್ಪನಿಗೆ ಹೇಳಬೇಡ. ಪದ್ಧತಿಗೆ ಒಂದು ಬಟ್ಟಲು ನೀರು ಸಾಕು, ನಾನು ಎರಚಿದ್ದು ಬಕೆಟ್ಟು ತುಂಬ. ಅವರು ಹೊರಡುವ ದಿನ ಮನಸ್ಸು ತಡೆಯದೆ ಅಡುಗೆಮನೆಯಲ್ಲಿ ಫರಂಗೀಸ್ ಹತ್ತಿರ ಒಪ್ಪಿಕೊಂಡೆ. ಆಕೆ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಹೇಳಿದರು: "ಬಕೆಟ್ ಜೀಪಿನ ಕನ್ನಡೀಲಿ ಕಾಣಿಸ್ತು ಕಣ್ರೀ. ಈ ಸಂಬಂಧ ಬೇಡ ಅಂತ ಹೇಳಿ ಬರೋಕೆ ಟೆಹ್ರಾನಿಂದ ಹೊರಟೋಳು ನಾನು, ಆ ಹುಡುಗಿ ಚಹಾ ತಂದ್ಮೇಲೆ ಬಾಯಿ ಬರ್ಲಿಲ್ಲ. ಘಾಟೀಲಿ ಬೆಳೆದೋಳಿಗೆ ಅಂಥ ಏರನ್ನ ಮೆಲ್ಲಗೆ ಹತ್ತಿಸ್ಬೇಕು ಅಂತ ಗೊತ್ತಿರಲ್ವಾ? ಜೋರಾಗಿ ಒತ್ತು ಅಂತ ಮಗನಿಗೆ ಹೇಳಿದ್ದು ನಾನೇ."