ಆಯಿಯ ಮಾತು ತೆಗೆದ ಮೇಲೆ

ಜುಗೂಳ
೧೮ ಆಗಸ್ಟ್ ೨೦೨೪

ಪ್ರೀತಿಯ ಕೋಮಲಕ್ಕ,

ನಿನಗೂ ಮಾಮಾಗೂ ನಮಸ್ಕಾರ. ಪಂಚಮಿಗೆ ನಿನ್ನನ್ನು ಕರೆಯಲು ಅಥಣಿಗೆ ಬರಲಿಲ್ಲ, ಕ್ಷಮಿಸು. ಹೊಳೆ ಬಂದು ದಾರಿ ಕಟ್ಟಿತ್ತು ಎಂದು ಅಪ್ಪ ಫೋನಿನಲ್ಲಿ ಹೇಳಿದ್ದು ಅರ್ಧ ನಿಜ. ಉಳಿದದ್ದು ನಾನು ಹೇಳಬೇಕು.

ದ್ರಾಕ್ಷಿ ತೋಟದ ಕೆಲಸವನ್ನೂ ಬಿಟ್ಟೆ, ಬೈಯಬೇಡ. ಅಂತರ್ಜಾಲದ ವಿಶ್ವಕೋಶಕ್ಕೆ ಹಳೆಯ ಸರ್ಕಾರಿ ಪ್ರಚಾರದ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. "ಸಾಲಿ ಬಿಟ್ಟಾಂವ ಜಗತ್ತಿಗೇ ಪಾಠ ಬರ್ಯಾಕತ್ತಾನ ನೋಡ್ರಿ" ಎಂದು ಆಯಿ ಮೊಮ್ಮಗನನ್ನು ನೋಡಿ ನಗುತ್ತಿದ್ದಳು.

ಕುಟುಂಬ ಯೋಜನೆಯ ಒಂದು ಚಿತ್ರ ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಸರ್ಕಾರದ ಗಾಡಿ ನಮ್ಮೂರ ಸಾಲಿಯ ಗೋಡೆಗೆ ಪರದೆ ಕಟ್ಟಿ ಇದನ್ನೇ ತೋರಿಸಿತ್ತಂತೆ. ಮೊಬೈಲಿನಲ್ಲಿ ಆಯಿಗೆ ತೋರಿಸಿದೆ. ಒಂದೇ ಮಗುವಿನ ತಾಯಿ ನಗುತ್ತ ಗಂಡನನ್ನು ಆಪರೇಷನ್ನಿಗೆ ಕಳಿಸುತ್ತಾಳೆ. ಅದನ್ನು ನೋಡಿ ಆಯಿಯ ಮುಖ ಬಿಗಿಯಿತು.

"ಇದು ಸುಳ್ಳ ಐತಿ ಅಂತ ಬರೀ ಶಿವಾ. ಅಕಿ ಹಲ್ಲ ಕಿಸಿದದ್ದೂ ಸುಳ್ಳ ಅಂತ ಬರಿ."

"ಇದು ಜನರಿಗೆ ಮೋಸ ಮಾಡಿದ ಸುಳ್ಳು ಚಿತ್ರ" ಎಂದು ಲೇಖನದಲ್ಲಿ ಬರೆದೆ.

ಮರುದಿನ ನಿಪ್ಪಾಣಿಯಿಂದ ಸುಧೀರಣ್ಣನ ಫೋನು. ಆ ಕೋಶಕ್ಕೆ ನನಗಿಂತ ಮೊದಲಿನಿಂದ ಬರೆಯುವವರು. "ತಮ್ಮಾ, ಸುಳ್ಳ ಅಂತ ಯಾವ ಪುಸ್ತಕದಾಗ ಯಾರ ಬರದಾರ?"

"ನಮ್ಮ ಆಯಿ ಅಂದಾಳ್ರಿ."

"ಹಂಗಾರ ಅದು ನಿಮ್ಮ ಆಯಿ ಸಿಟ್ಟು. ಸಿಟ್ಟು ಖರೇನ ಇರಬಹುದು. ಲೇಖನದಾಗ ಚಿತ್ರ ಏನ ತೋರಿಸ್ತು, ತಿಳದಾವ್ರು ಏನ ಬರದಾರ, ಅಷ್ಟ ಇರ್ಲಿ."

ನಾನು ಜಗಳವಾಡಿದೆ. ಅಷ್ಟರಲ್ಲಿ ನನ್ನ ಸಾಲಿನ ಕೆಳಗೇ ಯಾರೋ "ದೇಶವನ್ನು ಉಳಿಸಿದ ಮಹಾನ್ ಚಿತ್ರ" ಎಂದು ಸೇರಿಸಿದರು. ಅದನ್ನು ಅಳಿಸಲು ಹೋದೆ, ಮನಸ್ಸು ಒಪ್ಪಲಿಲ್ಲ. ನನ್ನದು ಉಳಿಯುವುದಾದರೆ ಅವರದೂ ಉಳಿಯಬೇಕಲ್ಲ? ಎರಡನ್ನೂ ಅಳಿಸಿದೆ. ಚಿಕ್ಕೋಡಿಯ ಗ್ರಂಥಾಲಯದಲ್ಲಿ ಹುಡುಕಿ, ಆ ಕಾಲದ ಆಪರೇಷನ್ ಶಿಬಿರಗಳಲ್ಲಿ ಒತ್ತಾಯ ನಡೆದಿತ್ತೆಂದು ಒಬ್ಬ ಇತಿಹಾಸಕಾರರು ಬರೆದದ್ದನ್ನು ಅವರ ಹೆಸರಿನೊಡನೆ ಹಾಕಿದೆ.

ಪಂಚಮಿಯ ಹಿಂದಿನ ದಿನ ಆಯಿ ಉಂಡಿ ಕಟ್ಟುತ್ತ "ಏನ ಬರದಿ, ಓದು" ಎಂದಳು. ಅವಳಿಗೆ ಅಕ್ಷರ ಬರುವುದಿಲ್ಲ. ಅಳಿಸಿದ ಸಾಲನ್ನೂ ಸೇರಿಸಿ ಓದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಇದ್ದದ್ದನ್ನಷ್ಟೇ ಓದಿದೆ.

"ನನ್ನ ಮಾತ ಎಲ್ಲೈತೋ?"

"ತಗದೀನಿ ಆಯಿ."

"ಯಾರ ತಗಿ ಅಂದ್ರು?"

"ಯಾರ ಅಂದ್ರೇನು, ತಗದಾಂವ ನಾನ."

ಹಿಟ್ಟಿನ ಕೈಯಲ್ಲೇ ಎದ್ದು ಒಳಗೆ ಹೋದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ನಾನು ಎದುರಿಗೇ ಕುಳಿತಿದ್ದರೂ "ಅಂವಗ ಉಣ್ಣಾಕ ಹೇಳು" ಎಂದು ಅವ್ವನಿಗೆ ಹೇಳುತ್ತಾಳೆ. ಇಂಥ ಮನೆಗೆ ಹಬ್ಬಕ್ಕೆಂದು ನಿನ್ನನ್ನು ಹೇಗೆ ಕರೆತರಲಿ?

ಪುಟ್ಟ ನೀಲಮಳಿಗೆ ಒಂದು ಮುತ್ತು ಕೊಡು. ನೀನು ದೊಡ್ಡವಳು, ಅಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಡು.

ನಿನ್ನ ತಮ್ಮ,
ಶಿವರಾಜ

ತಾ.ಕ.: ಒಳಗೆ ಹೋಗುವಾಗ ಆಯಿ ಒಂದು ಮಾತು ಆಡಿದ್ದಳು. ಮೇಲೆ ಬರೆಯಲು ಕೈ ಬರಲಿಲ್ಲ. "ಅಕಿ ನಗೂದು ನೋಡಿ ನಾನೂ ನಕ್ಕೋತ ನಿಮ್ಮಜ್ಜನ್ನ ಕಳಿಸಿದ್ನೋ. ಆಗ ತೊಟ್ಟಿಲದಾಗ ಒಬ್ಬ ಇದ್ದ. ಮುಂದಿನ ಮಳಿಗಾಲ ನೋಡಲಿಲ್ಲ ಅಂವ." ಅಪ್ಪನನ್ನು ಅಲಖನೂರಿನಿಂದ ದತ್ತು ತಂದದ್ದು ನಮಗೆ ಗೊತ್ತಿತ್ತು, ಯಾಕೆಂದು ಯಾರೂ ಹೇಳಿರಲಿಲ್ಲ. ಆ ಸಾಲು ತೆಗೆದದ್ದು ಸರಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆಯಿಯ ಎದುರು ಹೇಗೆ ಕೂರಲಿ, ಅಕ್ಕಾ?